ಪುತಳಾಬಾಯಿಗೆ ತೋರಿಸಿದ ಹೈದರಾಬಾದ

ದೊರ್ಕಾಗೆ ಲಕ್ವಾ ಹೊಡೆದ ಭಾನುವಾರ ಅವಳ ಗಂಡ ನತಾನಿಯೇಲ ಮಾಸ್ತರರು ಔರಾದಿನ ಮನೆಯ ಪಡಸಾಲೆಯಲ್ಲಿ ನಿಂತು ಚರ್ಚಿಗೆ ಹೋಗುವ ಅಂಗಿಗೆ ಇಸ್ತ್ರಿ ಹಾಕುತ್ತಿದ್ದರು. ಅಡುಗೆಮನೆಯಲ್ಲಿ ಏನೋ ಬಿದ್ದ ಸದ್ದಾಯಿತು. ಏನದು ಎಂದು ಅವರು ಕೇಳಲಿಲ್ಲ. ಆ ಮನೆಯಲ್ಲಿ ಮೊದಲಿನಿಂದಲೂ ಮಾತು ಕಡಿಮೆ. ಮಾಸ್ತರರು ದಿನವಿಡೀ ಸಾಲಿಯಲ್ಲಿ ಮಾತಾಡಿ ಬಂದು ಮನೆಯಲ್ಲಿ ಪೇಪರು ಹಿಡಿಯುತ್ತಿದ್ದರು. ದೊರ್ಕಾ ಸರಕಾರಿ ದವಾಖಾನೆಯಲ್ಲಿ ನರ್ಸಾಗಿ ದುಡಿದು ದಣಿದು ಬರುತ್ತಿದ್ದಳು. ಇಬ್ಬರೂ ನಿವೃತ್ತರಾದ ಮೇಲೂ ಅದೇ ರೂಢಿ ಮುಂದುವರಿದಿತ್ತು. ಅಂಗಿಯ ಎರಡನೆಯ ತೋಳು ಮುಗಿಸಿ ಒಳಗೆ ಹೋದಾಗ ದೊರ್ಕಾ ನೆಲದ ಮೇಲೆ ಒಂದು ಮಗ್ಗುಲಾಗಿ ಬಿದ್ದಿದ್ದಳು. ಕಣ್ಣು ತೆರೆದಿತ್ತು, ಬಾಯಿ ಒಂದು ಕಡೆ ಎಳೆದಿತ್ತು.

ಬೀದರಿನ ಡಾಕ್ಟರು ನೋಡಿದವರೇ ಹೈದರಾಬಾದಿಗೆ ಒಯ್ಯಿರಿ ಎಂದರು. ಅಲ್ಲಿನ ದೊಡ್ಡ ಸರಕಾರಿ ದವಾಖಾನೆಯಲ್ಲಿ ತಲೆಗೆ ಆಪರೇಷನ್ ಆಯಿತು. ಜೀವ ಉಳಿದಿದೆ, ಇನ್ನೇನೂ ಈಗ ಹೇಳಲಾಗದು ಎಂದು ಅಲ್ಲಿಯ ಡಾಕ್ಟರು ತಿಳಿಸಿ, ಅವಳನ್ನು ಐಸಿಯುದಲ್ಲಿ ಇಟ್ಟರು. ಮಗಳು ಬ್ಲೆಸ್ಸಿ ಬೀದರಿನಲ್ಲಿ ಹಸಿ ಬಾಣಂತಿ, ಬರುವಂತಿರಲಿಲ್ಲ. ದಿನಕ್ಕೆರಡು ಸಲ ಫೋನು ಹಚ್ಚಿ ಅಳುತ್ತಿದ್ದಳು. ಮಾಸ್ತರರು ಒಬ್ಬರೇ ಉಳಿದರು.

ಐಸಿಯುದ ಒಳಗೆ ಮುಂಜಾನೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು ಬಿಡುತ್ತಿದ್ದರು. ಉಳಿದ ಹೊತ್ತೆಲ್ಲ ಹೊರಗಿನ ಉದ್ದನೆಯ ಹಾಲಿನಲ್ಲಿ ಚಾಪೆ ಹಾಸಿಕೊಂಡು ಕಾಯಬೇಕು. ಬಿಟ್ಟಾಗ ಒಳಗೆ ಹೋಗಿ ಮಾಸ್ತರರು ಹಾಸಿಗೆಯ ಪಕ್ಕ ನಿಲ್ಲುತ್ತಿದ್ದರು. ದೊರ್ಕಾಳ ಕಣ್ಣು ಮುಚ್ಚಿರುತ್ತಿತ್ತು. "ದೊರ್ಕಾ, ನಾನು ಬಂದೀನಿ" ಎನ್ನುತ್ತಿದ್ದರು. ಮುಂದೇನು ಹೇಳಬೇಕೆಂದು ತಿಳಿಯದೆ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿ ಹೊರಗೆ ಬರುತ್ತಿದ್ದರು.

ಪಕ್ಕದ ಹಾಸಿಗೆಯ ಹತ್ತಿರ ಮಾತ್ರ ಮಾತೇ ಮಾತು. ಹೆಗಲ ಮೇಲೆ ಕರಿ ಕಂಬಳಿ ಹಾಕಿಕೊಂಡ, ಬಿಸಿಲಿಗೆ ಸುಟ್ಟ ಮುಖದ ಒಬ್ಬ ಮನುಷ್ಯ ಪ್ರಜ್ಞೆಯಿಲ್ಲದೆ ಮಲಗಿದ ತನ್ನ ಹೆಂಡತಿಯ ಕಿವಿಯ ಹತ್ತಿರ ಬಾಗಿ ಒಂದೇ ಸಮನೆ ಏನೇನೋ ಹೇಳುತ್ತಿದ್ದ. ಒಂದು ದಿನ ಮಾಸ್ತರರ ಕಿವಿಗೆ ಬಿದ್ದದ್ದು ಇಷ್ಟು: "ಪುತಳಾ, ಇವತ್ತ ಮಸೂತಿ ನೋಡಿ ಬಂದೆ. ಅಂಗಳದಾಗ ಪಾರಿವಾಳ ಎಷ್ಟಂತಿ! ನಮ್ಮ ಕುರಿ ಹಿಂಡು ನಾಲ್ಕು ಕೂಡಿಸಿದ್ರೂ ಅಷ್ಟು ಆಗಂಗಿಲ್ಲ. ಎಲ್ಲಾ ಒಮ್ಮೆಲೆ ಎದ್ದವು ನೋಡು, ಬಿಸಿಲೇ ಮುಚ್ಚಿಹೋಯ್ತು."

ಮಾಸ್ತರರಿಗೆ ಸಿಟ್ಟು ಬಂತು. ಹೆಂಡತಿ ಸಾಯಲು ಬಿದ್ದಿದ್ದಾಳೆ, ಇವನು ಊರು ತಿರುಗುತ್ತಿದ್ದಾನೆ!

ಮರುದಿನ ಅವರು ಬ್ಲೆಸ್ಸಿಯ ಜೊತೆ ಫೋನಿನಲ್ಲಿ ಮಾತಾಡಿ ಮುಗಿಸುವಷ್ಟರಲ್ಲಿ ಅದೇ ಮನುಷ್ಯ ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತ.

"ನೀವು ನಮ್ಮ ಕಡಿಯವರೇನ್ರಿ? ನಿಮ್ಮ ಮಾತು ಕಿವಿಗಿ ಬಿತ್ತು, ಜೀವಕ್ಕ ತಂಪಾಯ್ತು ನೋಡ್ರಿ."

ಅವನ ಹೆಸರು ವೈಜಿನಾಥ. ಭಾಲ್ಕಿ ತಾಲೂಕಿನ ಮೆಹಕರದವನು. ಒಂದಿಷ್ಟು ಹೊಲ, ಒಂದು ಕುರಿ ಹಿಂಡು. ಹೆಂಡತಿ ಪುತಳಾಬಾಯಿಗೆ ಮಿದುಳಿಗೆ ಜ್ವರ ಏರಿ ಇಲ್ಲಿಗೆ ತಂದಿದ್ದ. ಮಾಸ್ತರರು ತಮ್ಮ ಹೆಸರು, ಊರು ಹೇಳಿದರು. ಆಮೇಲೆ ಮನಸ್ಸಿನಲ್ಲಿದ್ದುದನ್ನು ಕೇಳಿಯೇಬಿಟ್ಟರು.

"ನೀನು ಹಗಲೆಲ್ಲ ಎಲ್ಲಿ ಹೋಗ್ತಿ? ಇಲ್ಲಿ ಯಾರಾದ್ರೂ ಕರದ್ರ?"

"ಸಂಜಿಗಿ ತನಕ ಯಾರೂ ಕರಿಯಂಗಿಲ್ಲರಿ. ಕರದ್ರ ಹತ್ರಾನೇ ಇರ್ತೇನಿ." ವೈಜಿನಾಥ ಕಂಬಳಿಯ ಅಂಚು ತಿರುವಿದ. ಮತ್ತೆ ತಾನೇ ಹೇಳಿದ: "ಅಕಿ ಎಚ್ಚರ ಇದ್ದಾಗ ವಾರ್ಡಿನ ಕಿಡಕಿ ಬಲ್ಲಿ ಮಲಗಿದ್ಳರಿ. ಹೊರಗ ಗಾಡಿ ನೋಡಿ ನೋಡಿ ಒಂದಿನ ಅಂದ್ಳು: ಭಾಲ್ಕಿ ಬಿಟ್ರ ಉದಗೀರ, ಉದಗೀರ ಬಿಟ್ರ ಭಾಲ್ಕಿ, ನಾ ಬ್ಯಾರೆ ಊರು ಕಂಡಾಕಿ ಅಲ್ಲ. ಇಷ್ಟು ದೊಡ್ಡ ಶಹರಕ್ಕ ಬಂದೆ, ಈ ಕಿಡಕಿ ಬಿಟ್ಟು ಏನೂ ನೋಡಲಿಲ್ಲ. ನೀ ಯಾಕ ನನ್ನ ಮಾರಿ ನೋಡ್ಕೋತ ಕುಂತಿ? ಹೋಗಿ ನೋಡಿ ಬಂದು ನನಗ ಹೇಳು. ಹಾಂಗ ಅಂದ್ಳರಿ. ಅದರ ಮರುದಿನಾನೇ ಮಾತು ನಿಂತ್ಹೋಯ್ತು."

ಮಾಸ್ತರರು ಕೈಯಲ್ಲಿದ್ದ ಫೋನನ್ನು ಜೇಬಿಗೆ ಹಾಕಿಕೊಂಡರು.

"ಅಕಿ ಹೇಳಿದ ಕೆಲಸ ಮಾಡಲತ್ತೇನಿ, ಅಷ್ಟೇ," ಎಂದ ವೈಜಿನಾಥ. "ತಿಕೀಟು ಇಲ್ಲದ್ದು ಈ ಊರಾಗ ಬೇಕಷ್ಟು ಅದ ಮಾಸ್ತರ್ರೇ. ಕಾಲು ಇದ್ರ ಸಾಕು. ನಾಳೆ ನೀವೂ ಬರ್ರಿ. ಇಲ್ಲೇ ಕುಂತ್ರ ಆ ಬಾಗಿಲ ನೋಡಿ ನೋಡಿ ಮನಷ್ಯಾ ಹುಚ್ಚ ಆಗ್ತಾನ."

ಮಾಸ್ತರರು ಆ ದಿನ ಒಪ್ಪಲಿಲ್ಲ. ಆದರೆ ಸಂಜೆ ಒಳಗೆ ಹೋದಾಗ ಎಂದಿನಂತೆ "ನಾನು ಬಂದೀನಿ" ಎಂದು ನಿಂತರು. ಪಕ್ಕದಲ್ಲಿ ವೈಜಿನಾಥ ಬಳೆ ಬಜಾರಿನ ಬಣ್ಣಗಳನ್ನು ಒಂದೊಂದಾಗಿ ಹೇಳುತ್ತಿದ್ದ. ಮಾಸ್ತರರಿಗೆ ತಾವು ಇಡೀ ದಿನ ಚಾಪೆಯ ಮೇಲೆ ಕೂತು ಹೆಂಡತಿಗಾಗಿ ಏನೂ ತಂದಿಲ್ಲ ಅನ್ನಿಸಿತು.

ಮರುದಿನ ಇಬ್ಬರೂ ಹೊರಟರು. ಮೊದಲು ಹೋದದ್ದು ನಾಂಪಲ್ಲಿ ಕಡೆಯ ದೊಡ್ಡ ಬಾಗಿಗೆ, ಸಾರ್ವಜನಿಕ ಉದ್ಯಾನಕ್ಕೆ. ಯಾರೂ ತಡೆಯಲಿಲ್ಲ, ಯಾರೂ ಕೇಳಲಿಲ್ಲ. ಹಳೆಯ ಮರಗಳ ಕೆಳಗೆ ಮುದುಕರು ಕೂತಿದ್ದರು. ವೈಜಿನಾಥ ಪ್ರತಿ ಗಿಡದ ಬಳಿ ನಿಂತು ಎಲೆ ಮುಟ್ಟಿ ನೋಡುತ್ತಿದ್ದ. ಯಾವುದನ್ನು ಕುರಿ ತಿಂದೀತು, ಯಾವುದನ್ನು ಮೂಸಿ ಬಿಟ್ಟೀತು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಮಾಸ್ತರರಿಗೆ ಎಷ್ಟೋ ದಿನಗಳ ಮೇಲೆ ಮೈಗೆ ಬಿಸಿಲು ತಾಗಿತ್ತು. ಆ ಸುಖಕ್ಕೇ ಅವರಿಗೆ ಅಪರಾಧ ಮಾಡಿದಂತಾಗಿ ಬೇಗ ವಾಪಸು ಹೋಗೋಣ ಎಂದರು.

ಆ ಸಂಜೆ ಅವರು ಹೆಂಡತಿಯ ಹತ್ತಿರ ಸ್ಟೂಲು ಎಳೆದುಕೊಂಡು ಕೂತರು. ಗಂಟಲು ಸರಿಮಾಡಿಕೊಂಡು, ಸಾಲಿಯಲ್ಲಿ ಪಾಠ ಶುರು ಮಾಡಿದಂತೆ ಆರಂಭಿಸಿದರು. "ದೊರ್ಕಾ, ಇವತ್ತ ಒಂದು ಬಾಗಿಗೆ ಹೋಗಿದ್ದೆ. ಹಳೇದದ. ನವಾಬರ ಕಾಲದ್ದು." ಮಾತು ಅಲ್ಲಿಗೇ ನಿಂತಿತು. ಆಮೇಲೆ, ಯಾಕೋ ಏನೋ, "ನೀ ಇದ್ದಿದ್ರ ಒಂದು ಟೊಂಗಿ ಮುರಕೊಂಡು ಬರ್ತಿದ್ದಿ, ಮನ್ಯಾಗ ಹಚ್ಚಲಿಕ್ಕ" ಎಂದರು. ಅಷ್ಟು ಹೇಳಿದ ಮೇಲೆ ಅವರಿಗೆ ಗೊತ್ತಿಲ್ಲದೆಯೇ ಮಾತು ಬಂತು. ನರ್ಸು ಬಂದು ಟೈಮಾಯಿತು ಎಂದಾಗ ಅವರು ಇನ್ನೂ ಆ ಬಾಗಿನ ನಡುದಾರಿಯಲ್ಲೇ ಇದ್ದರು.

ಹೀಗೆ ದಿನಗಳು ಹೋದವು. ಇಬ್ಬರೂ ಮುಂಜಾನೆ ಹೆಂಡತಿಯರನ್ನು ನೋಡಿ ಹೊರಬೀಳುತ್ತಿದ್ದರು. ಗುಡ್ಡದ ಮೇಲಿನ ಬಿಳಿ ಕಲ್ಲಿನ ಗುಡಿಗೆ ಹೋದರು. ಮಾಸ್ತರರು ಗುಡಿಯೊಳಗೆ ಹೋಗಲು ಹಿಂಜರಿದು ಮೆಟ್ಟಿಲ ಬಳಿ ನಿಂತರೆ ವೈಜಿನಾಥ, "ದೇವರನ್ನ ನಾ ನೋಡ್ತೇನಿ, ನೀವು ಮ್ಯಾಲಿಂದ ಊರು ನೋಡ್ರಿ, ಸಂಜಿಗಿ ಕೂಡಿ ಹೇಳೋಣು" ಎಂದ. ಆಬಿಡ್ಸ್ ಕಡೆ ಒಂದು ಹಳೆಯ ಚರ್ಚು ಕಂಡಾಗ ವೈಜಿನಾಥ ಚಪ್ಪಲಿ ಬಾಗಿಲಲ್ಲೇ ಬಿಟ್ಟು ಒಳಗೆ ಬಂದು, ಮಾಸ್ತರರು ಮೊಣಕಾಲೂರಿದಷ್ಟು ಹೊತ್ತೂ ಕಂಬದ ಪಕ್ಕ ಕೈಮುಗಿದು ನಿಂತಿದ್ದ. ಚಾರಮಿನಾರಿನ ಮೇಲೆ ಹತ್ತಲು ತಿಕೀಟು. ಇವರು ಕೆಳಗೆ ನಿಂತೇ ಕತ್ತೆತ್ತಿ ನೋಡಿದರು. ಮಧ್ಯಾಹ್ನ ಎಲ್ಲಾದರೂ ನೆರಳಲ್ಲಿ ಕೂತು ಊರಿಂದ ಬಂದ ಒಣ ಕಟಕ ರೊಟ್ಟಿ, ಶೇಂಗಾ ಹಿಂಡಿ ಚಟ್ನಿ ತಿನ್ನುತ್ತಿದ್ದರು.

ಒಂದು ಸಂಜೆ ಮಾಸ್ತರರು ಮಸೂತಿಯ ಪಾರಿವಾಳದ ಮಾತು ಹೇಳುತ್ತಿದ್ದಾಗ ದೊರ್ಕಾ ಕಣ್ಣು ತೆರೆದಳು. ಸುಮ್ಮನೆ ತೆರೆದದ್ದಲ್ಲ, ಅವರನ್ನು ನೋಡಿದಳು. ಎಡಗೈಯ ಬೆರಳು ಅಲುಗಿದವು. ಮಾಸ್ತರರು ಆ ಬೆರಳುಗಳನ್ನು ಹಿಡಿದುಕೊಂಡು ಅತ್ತುಬಿಟ್ಟರು. ವೈಜಿನಾಥ ಎದ್ದು ಬಂದು ನೋಡಿ, ತಿರುಗಿ ಹೋಗಿ ಪುತಳಾಬಾಯಿಯ ಕಿವಿಯಲ್ಲಿ ಹೇಳಿದ: "ಪುತಳಾ, ಮಾಸ್ತರ್ರ ಮನಿಯವರು ಕಣ್ಣು ಬಿಟ್ಟಾರ. ಇನ್ನ ನಿನ್ನ ಪಾಳಿ ನೋಡು."

ಪುತಳಾಬಾಯಿಯ ಮುಖ ಅಲುಗಲಿಲ್ಲ.

ಅದಾಗಿ ಎರಡು ಮೂರು ದಿನಕ್ಕೆ ಇಬ್ಬರೂ ಹುಸೇನಸಾಗರದ ಕಟ್ಟೆಗೆ ಹೋದರು. ಮೋಡ ಕವಿದ ಮಧ್ಯಾಹ್ನ. ಕೆರೆಯ ನಡುವೆ ಬುದ್ಧನ ಕಲ್ಲಿನ ಮೂರ್ತಿ ನಿಂತಿತ್ತು. ವೈಜಿನಾಥನ ಫೋನು ಯಾವಾಗಲೂ ಕೆಟ್ಟಿರುತ್ತಿದ್ದುದರಿಂದ ಐಸಿಯುದಲ್ಲಿ ಅವನೂ ಮಾಸ್ತರರ ನಂಬರನ್ನೇ ಬರೆಸಿದ್ದ. ಅವನು ಅಲ್ಲೇ ಕೂತಿದ್ದ ಒಬ್ಬ ಮುದುಕನ ಜೊತೆ ತನ್ನ ಉರ್ದುವಿನಲ್ಲಿ ಮಾತಿಗೆ ಇಳಿದಿದ್ದ. ಸ್ವಲ್ಪ ಹೊತ್ತಿಗೆ ಮುಖ ಅರಳಿಸಿಕೊಂಡು ಮಾಸ್ತರರ ಹತ್ತಿರ ಬಂದ.

"ಕೇಳಿದ್ರೇನ್ರಿ! ಆ ಬುದ್ಧನ್ನ ದೋಣ್ಯಾಗ ತರುಮುಂದ ಜಾರಿ ನೀರಾಗ ಬಿದ್ದನಂತ. ವರ್ಷಗಟ್ಲೆ ಕೆರಿ ತಳದಾಗ ಮಲಗಿದ್ದನಂತರಿ. ಆಮ್ಯಾಲ ಮ್ಯಾಲ ತಗದು ಹಿಂಗ ನಿಂದರಿಸ್ಯಾರ. ಅಷ್ಟು ದಿನ ಮಲಗಿದಂವ ಎದ್ದು ನಿಂತಾನ! ಇವತ್ತ ಇದನ್ನೇ ಹೇಳ್ತೇನಿ ಪುತಳಾಗ."

ಅಷ್ಟರಲ್ಲಿ ಮಾಸ್ತರರ ಫೋನು ರಿಂಗಾಯಿತು. ದವಾಖಾನೆಯ ನಂಬರು. ದೊರ್ಕಾ, ಎಂದುಕೊಂಡರು. ಆಚೆಯಿಂದ ನರ್ಸು ಹೇಳಿದ ಹೆಸರು ದೊರ್ಕಾಳದಲ್ಲ. ಆ ಹೆಸರು ಕೇಳಿದೊಡನೆ ಅವರ ಎದೆಯಿಂದ ಒಂದು ದೊಡ್ಡ ಉಸಿರು ಹೊರಬಿತ್ತು. ಮರುಗಳಿಗೆಯಲ್ಲೇ ಆ ಉಸಿರಿನ ಬಗ್ಗೆ ಅವರಿಗೆ ಎಂಥ ಹೇಸಿಗೆಯಾಯಿತೆಂದರೆ ಕಟ್ಟೆಯ ಕಲ್ಲು ಹಿಡಿದು ಕೂತುಬಿಟ್ಟರು. ವೈಜಿನಾಥ ಇನ್ನೂ ನೀರಿನ ಕಡೆ ನೋಡುತ್ತಿದ್ದ. ಅವನ ಮುಖದಲ್ಲಿನ ನಗು ಇನ್ನೂ ಪೂರ್ತಿ ಆರಿರಲಿಲ್ಲ. ಅವನು ಇನ್ನೊಂದಿಷ್ಟು ಹೊತ್ತು ಹಾಗೇ ನೋಡಲಿ ಎಂದು ಮಾಸ್ತರರಿಗೆ ಅನ್ನಿಸಿತು.

ವೈಜಿನಾಥ ತಾನೇ ತಿರುಗಿದ. "ಯಾರ ಫೋನು ಮಾಸ್ತರ್ರೇ?"

"ದವಾಖಾನಿದು."

"ನಿಮ್ಮವರದಾ? ನಮ್ಮದಾ?"

"ನಿಮ್ಮದು, ವೈಜಿನಾಥ."

ವೈಜಿನಾಥ ಹೆಗಲಿನ ಕಂಬಳಿ ತೆಗೆದು ತಲೆಯ ಮೇಲೆ ಹೊದ್ದುಕೊಂಡ. ಆಟೋ ಸಿಗುವ ತನಕ ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ನಡೆದರು.

ದವಾಖಾನೆಯ ಕಾಗದಪತ್ರವೆಲ್ಲ ಮುಗಿಯುವಾಗ ಹೊತ್ತು ಇಳಿದಿತ್ತು. ಹೆಣ ಒಯ್ಯಲು ಬಂದ ಗಾಡಿಯ ಡ್ರೈವರ ಜಹೀರೋದ್ದೀನ ಬೀದರಿನವನೇ. ಮಧ್ಯವಯಸ್ಸಿನ, ಮೆಲುಮಾತಿನ ಮನುಷ್ಯ. ಪುತಳಾಬಾಯಿಯನ್ನು ಒಳಗೆ ಮಲಗಿಸಿದರು. ಬಾಗಿಲು ಹಾಕುವ ಹೊತ್ತಿಗೆ ವೈಜಿನಾಥ ಅವನ ಕೈ ಹಿಡಿದುಕೊಂಡ.

"ಭೈಯಾ, ಒಂದು ಮಾತು ಕೇಳ್ತೇನಿ, ಇಲ್ಲ ಅನಬ್ಯಾಡ. ಸೀದಾ ಊರ ಹಾದಿ ಹಿಡಿಬ್ಯಾಡ. ಆ ಬಾಗಿನ ಮುಂದಿಂದ ಹಾದು, ಗುಡ್ಡದ ಗುಡಿ ಕೆಳಗ ಹೋಗಿ, ಕೆರಿ ಕಟ್ಟಿ ಮ್ಯಾಲ ಒಂದು ಸುತ್ತು ಹಾಕು. ಇಕಿ ಏನೂ ನೋಡಿಲ್ಲ."

ಜಹೀರೋದ್ದೀನ ಮಾಸ್ತರರ ಮುಖ ನೋಡಿದ. ದುಃಖಕ್ಕೆ ತಲೆ ಕೆಟ್ಟಿದೆಯೋ ಎಂದು ಕೇಳುವ ನೋಟ.

"ಚಾಚಾ, ಈಗ ಎಲ್ಲಾ ಕಡಿ ಗಾಡಿ ಭೀಡು. ಊರು ಮುಟ್ಟಲಿಕ್ಕ ತಡಾ ಆಗ್ತದ. ಅಲ್ಲಿ ಮಂದಿ ಕಾಯ್ತಿರ್ತಾರ."

"ಕಾಯಲಿ. ಇಕಿ ಇಷ್ಟು ದಿನ ಕಾದಾಳ."

ಮಾಸ್ತರರು ತಾವು ಮಧ್ಯೆ ಬಾಯಿ ಹಾಕುತ್ತೇವೆಂದು ಎಣಿಸಿರಲಿಲ್ಲ. "ಒಂದು ಸುತ್ತು ಹಾಕಪ್ಪಾ," ಎಂದರು. "ನಾನೂ ಬರ್ತೇನಿ. ಅವನು ಖರೇನೇ ಹೇಳಲತ್ತಾನ."

ಜಹೀರೋದ್ದೀನ ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ಚಾರಮಿನಾರ ಕಡಿ ಆಗಂಗಿಲ್ಲ. ಉಳಿದದ್ದು ತೋರಸೋಣು, ಬರ್ರಿ," ಎಂದು ಗಾಡಿ ಹತ್ತಿದ.

ಸೈರನ್ ಹಾಕದೆ ಅವನು ಮೆಲ್ಲಗೆ ನಡೆಸಿದ. ಹಿಂದೆ ಪುತಳಾಬಾಯಿಯ ತಲೆಯ ಹತ್ತಿರ ವೈಜಿನಾಥ, ಕಾಲ ಕಡೆ ಮಾಸ್ತರರು. ಬಾಗಿನ ಗೇಟು ಬಂದಾಗ ವೈಜಿನಾಥ ಕಿಡಕಿಯ ಪರದೆ ಸರಿಸಿ ಬಾಗಿದ. "ಇದೇ ನೋಡು ಬಾಗು. ಒಳಗ ಅಂಥಾ ದೊಡ್ಡ ದೊಡ್ಡ ಗಿಡ ಅವ, ಹೇಳಿದ್ನಲ್ಲ." ಗುಡ್ಡದ ಕೆಳಗೆ ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ, "ಮ್ಯಾಲ ಬೆಳ್ಳಗ ಕಾಣಸ್ತದಲ್ಲ, ಅದು ಗುಡಿ. ನಿನ್ನ ಹೆಸರಲೆ ಕೈಮುಗದೀನಿ" ಎಂದ. ಅವನ ದನಿ ಐಸಿಯುದಲ್ಲಿ ಹೇಗಿತ್ತೋ ಹಾಗೇ ಇತ್ತು, ಒಂದು ಕೂದಲೆಳೆಯಷ್ಟೂ ನಡುಗಲಿಲ್ಲ. ಮುಂದೆ ಕೂತ ಜಹೀರೋದ್ದೀನನೇ ಮೋರೆ ಒರೆಸಿಕೊಂಡ.

ಕೆರೆಯ ಕಟ್ಟೆಯ ಮೇಲೆ ಬಂದಾಗ ಮೋಡದ ಕೆಳಗಿಂದ ಸಂಜೆಯ ಬಿಸಿಲು ಬಿದ್ದಿತ್ತು. ಜಹೀರೋದ್ದೀನ ಹೇಳದೆಯೇ ಗಾಡಿಯನ್ನು ಬದಿಗೆ ನಿಲ್ಲಿಸಿ, ಇಳಿದು ಬಂದು ಹಿಂದಿನ ಬಾಗಿಲು ತೆರೆದ. ನೀರಿನ ಗಾಳಿ ಒಳಗೆ ಬಂತು. ಓಡಾಡುವ ಜನ ಒಮ್ಮೆ ನೋಡಿ, ಒಳಗೇನಿದೆಯೆಂದು ತಿಳಿದು, ಮುಖ ತಿರುಗಿಸಿ ಹೋದರು. ವೈಜಿನಾಥ ಈಗ ಮಾತಾಡಲಿಲ್ಲ. ಪುತಳಾಬಾಯಿಯ ಮುಖದ ಮೇಲಿನ ಬಟ್ಟೆ ಸರಿಸಿ, ಅವಳ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಸ್ವಲ್ಪವೇ ನೀರಿನ ಕಡೆ ತಿರುಗಿಸಿದ. ಆಗ ಅವನಿಗೆ ಅಳು ಬಂತು. ಬಾಯಿ ಬಿಟ್ಟು, ಹೊಲದ ನಡುವೆ ಒಬ್ಬನೇ ಇದ್ದವನಂತೆ ಅತ್ತ. ಮಾಸ್ತರರು ಅವನ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತರು.

ಕಟ್ಟೆಯ ಕೊನೆಯಲ್ಲಿ ಮಾಸ್ತರರು ಇಳಿದರು. ಅವರ ಹೆಂಡತಿ ಇನ್ನೂ ದವಾಖಾನೆಯಲ್ಲೇ ಇದ್ದಳಲ್ಲ. ಗಾಡಿ ಭಾಲ್ಕಿಯ ಕಡೆ ಹೋಯಿತು. ಅವರು ನಡೆದುಕೊಂಡೇ ದವಾಖಾನೆಗೆ ಬಂದರು. ಹೊತ್ತು ಮೀರಿತ್ತು, ಆದರೂ ಮುಖ ನೋಡಿ ನರ್ಸು ಒಳಗೆ ಬಿಟ್ಟಳು. ದೊರ್ಕಾ ಎಚ್ಚರವಿದ್ದಳು. ಅವಳ ಕಣ್ಣು ಪಕ್ಕದ ಹಾಸಿಗೆಯ ಕಡೆ ಹೋಯಿತು. ಅಲ್ಲಿ ಹೊಸ ಚಾದರ ಹಾಸಿದ್ದರು. ಎಷ್ಟೋ ಹಾಸಿಗೆಗಳಿಗೆ ಹಾಗೆ ಚಾದರ ಬದಲಿಸಿದವಳು ಅವಳು, ಹೇಳಬೇಕಾದ್ದೇನೂ ಇರಲಿಲ್ಲ. ಆದರೂ ಮಾಸ್ತರರು ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಹೇಳಿದರು. ಫೋನು ಬಂದಾಗ ತಮ್ಮ ಎದೆಯಿಂದ ಹೊರಬಿದ್ದ ಉಸಿರಿನ ಮಾತನ್ನೂ ಮುಚ್ಚಿಡಲಿಲ್ಲ. ದೊರ್ಕಾ ಅವರ ಬೆರಳು ಹಿಡಿದುಕೊಂಡಿದ್ದಳು. ಅವಳ ಕಣ್ಣಂಚಿನಿಂದ ನೀರು ಕಿವಿಯ ಕಡೆ ಇಳಿಯಿತು, ಕೈ ಮಾತ್ರ ಬಿಡಲಿಲ್ಲ.

ದೊರ್ಕಾ ಉಳಿದಳು. ಮೊದಲು ಬೀದರಿನಲ್ಲಿ ಮಗಳ ಮನೆ, ಆಮೇಲೆ ಔರಾದು. ಬಲಗಾಲು ಎಳೆಯುತ್ತಿತ್ತು, ಮಾತು ತೊದಲುತ್ತಿತ್ತು. ಮಾಸ್ತರರು ಈಗ ಪೇಪರಿನ ಸುದ್ದಿಯನ್ನು ಗಟ್ಟಿಯಾಗಿ ಓದುತ್ತಿದ್ದರು. ಜೋಳ ತೆನೆ ಕಟ್ಟುವ ಹೊತ್ತಿಗೆ ದೊರ್ಕಾ ಒಂದು ದಿನ, "ಮೆಹಕರ... ಹೋಗೋಣು" ಎಂದಳು.

ಭಾಲ್ಕಿಯಿಂದ ಜೀಪು ಹಿಡಿದು ಹೋದರು. ವೈಜಿನಾಥ ಕುರಿ ಬಿಟ್ಟುಕೊಂಡು ಹೋಗಿದ್ದ. ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದವನು ಪುತಳಾಬಾಯಿಯ ತಮ್ಮ ಹಣಮಂತ. ಇವರು ಹೈದರಾಬಾದಿನ ದವಾಖಾನೆಯ ಗುರುತಿನವರು ಎಂದು ತಿಳಿದೊಡನೆ ಅವನ ಮುಖ ಬಿಗಿಯಿತು. ನೀರು ಕೊಟ್ಟ, ಕಂಬಳಿ ಹಾಸಿದ. ಆಮೇಲೆ ತಡೆಯಲಾರದೆ ಕೇಳಿದ.

"ಮಾಸ್ತರ್ರೇ, ನೀವು ಓದಿದವರು. ಒಂದು ಹೇಳ್ರಿ. ಇಡೀ ಊರು ಕೆಟ್ಟ ಮುಖ ಮಾಡ್ಕೊಂಡು ಕುಂತಿತ್ತು ಅವತ್ತ. ನಮ್ಮಕ್ಕನ ಹೆಣಾ ಇಟ್ಕೊಂಡು ಭಾವ ಶಹರ ತಿರಗ್ಯಾನಂತ. ಡ್ರೈವರ ತಾನೇ ಹೇಳ್ದ. ಮಂದಿ ಇವತ್ತಿಗೂ ಆಡ್ಕೋತಾರ. ನಾ ಅವನ ಸಂಗಡ ಮಾತು ಬಿಟ್ಟೀನಿ. ಯಾರರೆ ಹಾಂಗ ಮಾಡ್ತಾರೇನ್ರಿ?"

ಮಾಸ್ತರರು ತಮ್ಮ ಜೀವಮಾನದಲ್ಲಿ ಸಾಲಿಯ ಹೊರಗೆ ಯಾರಿಗೂ ಎದುರು ಮಾತಾಡಿದವರಲ್ಲ. ಈಗ ಅವರ ದನಿ ಗಟ್ಟಿಯಾಗಿಯೇ ಬಂತು.

"ಆ ಗಾಡ್ಯಾಗ ನಾನೂ ಇದ್ದೆ, ಹಣಮಂತ. ತಿರುಗಿಸು ಅಂತ ಡ್ರೈವರಗ ನಾನೇ ಹೇಳೀನಿ. ಬೈಯೋದಿದ್ರ ನನಗೂ ಬೈ. ನಿಮ್ಮಕ್ಕ ಬಾಯಿ ಬಿಟ್ಟು ಕೇಳಿದ ಕಡೀ ಮಾತು ಅದು. ಊರು ನೋಡಬೇಕು ಅಂದಿದ್ಳು. ಆಕಿ ಮಲಗಿದಷ್ಟು ದಿನ ನಿಮ್ಮ ಭಾವ ಬಿಸಿಲಾಗ ನಡದು ನಡದು ನೋಡಿ ಬಂದು ಆಕಿ ಕಿವ್ಯಾಗ ಹೇಳಿದ. ನಾನು ಎದುರಿಗೇ ಇದ್ದೆ. ಇಕಿ ಪಕ್ಕದ ಹಾಸಿಗ್ಯಾಗ ಮಲಗಿ ಕೇಳ್ಯಾಳ, ಬೇಕಾದ್ರ ಕೇಳು."

ದೊರ್ಕಾ ತಲೆಯಾಡಿಸಿದಳು. "ದಿನಾ," ಎಂದಳು, ತೊದಲುತ್ತ. "ದಿನಾ... ಹೇಳತಿದ್ದ."

ಹಣಮಂತ ತಲೆ ತಗ್ಗಿಸಿದ. ಒಳಗಿಂದ ಯಾರೋ ಚಹಾ ತಂದಿಟ್ಟು ಹೋದರು. ದೂರದ ಹೊಲದ ಅಂಚಿನಲ್ಲಿ ಕುರಿ ಹಿಂಡು ಊರ ಕಡೆ ತಿರುಗಿದ್ದು ಕಾಣುತ್ತಿತ್ತು. ಅದರ ಹಿಂದೆ ಕೋಲು ಹಿಡಿದ ವೈಜಿನಾಥ.

"ಇಷ್ಟು ನನಗ ಯಾರೂ ಹೇಳಿಲ್ಲ ನೋಡ್ರಿ," ಎಂದ ಹಣಮಂತ ಕೊನೆಗೆ. "ಭಾವಾನೂ ಹೇಳಲಿಲ್ಲ. ನಾ ಕೇಳಲೂ ಇಲ್ಲ." ಟವೆಲ್ಲಿನಿಂದ ಮುಖ ಒರೆಸಿಕೊಂಡು ಮಾಸ್ತರರ ಹತ್ತಿರಕ್ಕೆ ಸರಿದು ಕೂತ. "ಏನೇನ ನೋಡಿದ್ಳರಿ ನಮ್ಮಕ್ಕ?"

ಮಾಸ್ತರರು ಚಹಾದ ಲೋಟ ಕೆಳಗಿಟ್ಟು, ಮೊದಲು ಬಾಗಿನಿಂದ ಶುರು ಮಾಡಿದರು.